ಗೃಹಸಾಲ ತೀರಿಸುವಾಗ ಕೇಳುವ ‘ಕಾನೂನು ವೆಚ್ಚ’: ಯಾವುದನ್ನು ಕೊಡಬೇಕು, ಯಾವುದಕ್ಕೆ ತಕರಾರು ಹೇಳಬೇಕು

ಪ್ರಶ್ನೆ: 2018ರಲ್ಲಿ ಮನೆಯನ್ನು ಅಡಮಾನವಿಟ್ಟು ಬದಲಾಗುವ ಬಡ್ಡಿದರದ ಗೃಹಸಾಲ ಪಡೆದಿದ್ದೆ. 2023ರಲ್ಲಿ ಕೆಲಸ ಹೋಗಿ ನಾಲ್ಕು ಕಂತುಗಳು ಬಾಕಿ ಉಳಿದವು. ಜುಲೈ 10ರಂದು, ನ್ಯಾಯಾಲಯಕ್ಕೆ ಹೋಗದೆಯೇ ಅಡಮಾನದ ಆಸ್ತಿಯಿಂದ ಸಾಲ ವಸೂಲು ಮಾಡಲು ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನ ನೋಟಿಸ್ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು. ನಾನೇ ಸಹಿ ಹಾಕಿ ಪಡೆದುಕೊಂಡೆ. ಆಗಸ್ಟ್ 28ರಂದು ಬಾಕಿಯನ್ನೆಲ್ಲ ಕಟ್ಟಿದೆ, ಖಾತೆ ಕ್ರಮಬದ್ಧವಾಗಿದೆ ಎಂದು ಪತ್ರವನ್ನೂ ಕೊಟ್ಟರು. ಅಲ್ಲಿಂದ ಈಚೆಗೆ ಒಂದು ಕಂತೂ ತಪ್ಪಿಲ್ಲ. ಈಗ ಸಾಲವನ್ನು ಪೂರ್ತಿ ತೀರಿಸಲು ಹೊರಟರೆ, ಮುಕ್ತಾಯದ ಲೆಕ್ಕಪತ್ರದಲ್ಲಿ ಅಸಲು ಮತ್ತು ಬಡ್ಡಿಯ ಕೆಳಗೆ ‘ಕಾನೂನು ವೆಚ್ಚ ಮರುಪಾವತಿ ರೂ. 74,340’ ಎಂಬ ಒಂದು ಸಾಲು ಇದೆ. ಅದನ್ನು 2024ರ ಫೆಬ್ರವರಿ 19ರಂದು ಖಾತೆಗೆ ಖರ್ಚು ಹಾಕಿದ್ದಾರೆ. ವಿವರ ಕೇಳಿದರೆ ಕರಾರಿನಲ್ಲಿ ಇದೆ ಎನ್ನುತ್ತಾರೆ. ಫೋನಿನಲ್ಲಿ ಮಾತನಾಡಿದವರು ಅರ್ಧ ಕೊಟ್ಟರೆ ಮುಗಿಸುತ್ತೇವೆ ಎಂದರು. ಕೊಡದಿದ್ದರೆ ಕ್ರಯಪತ್ರ ಸಿಗುವುದಿಲ್ಲವಂತೆ. ನಾನು ಇದನ್ನು ಕಟ್ಟಲೇಬೇಕೇ?

ಉತ್ತರ: ನೀವು ಕಳುಹಿಸಿದ ಲೆಕ್ಕಪತ್ರ, ನೋಟಿಸಿನ ಪ್ರತಿ ಮತ್ತು ಕರಾರಿನ ಪುಟಗಳನ್ನು ಓದಿದ್ದೇನೆ. ‘ಕಾನೂನು ವೆಚ್ಚ ಕೊಡಬೇಕೋ ಬೇಡವೋ’ ಎಂಬ ರೂಪದಲ್ಲಿ ಈ ಪ್ರಶ್ನೆಯನ್ನು ಸಾಲ ಕೊಟ್ಟ ಸಂಸ್ಥೆಯ ಮುಂದಿಟ್ಟರೆ ಅವರು ಕರಾರಿನ ಷರತ್ತಿನ ಮೇಲೆ ಬೆರಳಿಟ್ಟು ಮಾತು ಮುಗಿಸುತ್ತಾರೆ, ಏಕೆಂದರೆ ಆ ಷರತ್ತು ನಿಜವಾಗಿಯೂ ಅಲ್ಲಿದೆ ಮತ್ತು ಅದಕ್ಕೆ ನಿಮ್ಮ ಸಹಿಯೂ ಇದೆ. ಆದರೆ ಆ ಷರತ್ತು ಸಂಸ್ಥೆಗೆ ಕೊಟ್ಟಿರುವುದು ತಾನು ಮಾಡಿದ ಖರ್ಚನ್ನು ನಿಮ್ಮಿಂದ ಹಿಂಪಡೆಯುವ ಹಕ್ಕನ್ನು ಮಾತ್ರ. ಆದುದರಿಂದ ನಿಮ್ಮ ತಕರಾರು ನಿಲ್ಲಬೇಕಾದದ್ದು ಬೇರೆ ಪ್ರಶ್ನೆಯ ಮೇಲೆ: ಈ 74,340 ರೂಪಾಯಿ ಯಾರಿಗೆ, ಯಾವ ದಿನ, ಯಾವ ಕೆಲಸಕ್ಕಾಗಿ ಸಂದಾಯವಾಯಿತು, ಮತ್ತು ಆ ಕೆಲಸ ಆ ದಿನ ಅಗತ್ಯವಾಗಿತ್ತೇ? ಈ ಪ್ರಶ್ನೆಗೆ ಕಾಗದದಲ್ಲಿ ಉತ್ತರ ಬರುವವರೆಗೆ ನೀವು ಪೂರ್ತಿ ಒಪ್ಪಬೇಕಾಗಿಯೂ ಇಲ್ಲ, ಪೂರ್ತಿ ನಿರಾಕರಿಸಬೇಕಾಗಿಯೂ ಇಲ್ಲ.

ಪೂರ್ತಿ ನಿರಾಕರಿಸಬೇಡಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ. ನಾಲ್ಕು ಕಂತು ನಿಂತದ್ದು ನಿಜ, ಆ ಕಾರಣದಿಂದಲೇ ನೋಟಿಸ್ ಹೊರಟದ್ದೂ ನಿಜ. ಆ ನೋಟಿಸನ್ನು ಸಿದ್ಧಪಡಿಸಿ ಕಳುಹಿಸಲು ಸಂಸ್ಥೆಗೆ ಏನಾದರೂ ಖರ್ಚು ಬಂದಿದ್ದರೆ, ನಿಮ್ಮ ಕರಾರಿನ ಪ್ರಕಾರ ಅಷ್ಟನ್ನು ನೀವು ಕೊಡಬೇಕು. ಇದನ್ನು ಮೊದಲೇ ಒಪ್ಪಿಕೊಂಡು ಬರೆದ ತಕರಾರಿಗೆ, ಬ್ಯಾಂಕ್ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಕಚೇರಿಯಲ್ಲಾಗಲಿ ಗ್ರಾಹಕರ ಆಯೋಗದಲ್ಲಾಗಲಿ ಹೆಚ್ಚು ತೂಕ ಬರುತ್ತದೆ. ‘ಒಂದು ರೂಪಾಯಿಯನ್ನೂ ಕೊಡುವುದಿಲ್ಲ’ ಎಂದು ಬರೆದವರ ಮನವಿ ಸಾಮಾನ್ಯವಾಗಿ ಆ ಒಂದು ವಾಕ್ಯದಿಂದಲೇ ದುರ್ಬಲವಾಗುತ್ತದೆ.

ಈಗ ಕಾನೂನಿನ ತಳಹದಿಗೆ ಬರೋಣ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಂ ‘ಅಡಮಾನದ ಹಣ’ ಎಂದು ಕರೆಯುವುದು ಅಡಮಾನದ ಭದ್ರತೆಗೆ ಒಳಪಟ್ಟ ಅಸಲು ಮತ್ತು ಬಡ್ಡಿಯನ್ನು. 60ನೇ ಕಲಮಿನ ಪ್ರಕಾರ ಆ ಹಣವನ್ನು ಸರಿಯಾದ ಸಮಯದಲ್ಲಿ, ಸರಿಯಾದ ಸ್ಥಳದಲ್ಲಿ ಕೊಟ್ಟರೆ ಅಥವಾ ಕೊಡಲು ಮುಂದೆ ಬಂದರೆ ಅಡಮಾನವನ್ನು ಬಿಡಿಸಿಕೊಂಡು ದಾಖಲೆಗಳನ್ನು ಹಿಂಪಡೆಯುವ ಹಕ್ಕು ಸಾಲಗಾರನಿಗೆ ಸಿಗುತ್ತದೆ. ಅಂದರೆ ವಕೀಲರ ಫೀ ಎಂಬುದು ತಾನಾಗಿಯೇ ಅಡಮಾನದ ಹಣದ ಭಾಗವಲ್ಲ. ಅದು ಲೆಕ್ಕದೊಳಗೆ ಬರಬೇಕಾದರೆ ಕರಾರು ಹಾಗೆ ಹೇಳಿರಬೇಕು, ಇಲ್ಲವೇ ಕಾಯ್ದೆಯೊಂದು ಅವಕಾಶ ಕೊಟ್ಟಿರಬೇಕು, ಇಲ್ಲವೇ ನ್ಯಾಯಾಲಯ ಆದೇಶಿಸಿರಬೇಕು. ನಿಮ್ಮಿಂದ ಹಣ ಕೇಳುವವರು ಈ ಮೂರರಲ್ಲಿ ಯಾವುದರ ಬಲದಿಂದ ಕೇಳುತ್ತಿದ್ದಾರೆ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು.

ಕರಾರಿನಿಂದ ಆರಂಭಿಸುತ್ತೇನೆ. ನೀವು ಕಳುಹಿಸಿದ ಪುಟದಲ್ಲಿರುವ ಷರತ್ತು, ಸಾಲದ ವಸೂಲಿಗಾಗಿ ಸಂಸ್ಥೆ ಮಾಡಿದ ಎಲ್ಲ ವೆಚ್ಚವನ್ನು, ವಕೀಲರ ಶುಲ್ಕವೂ ಸೇರಿದಂತೆ, ಸಾಲಗಾರನು ಭರಿಸಬೇಕೆಂದು ಹೇಳುತ್ತದೆ. ಇಲ್ಲಿ ‘ಮಾಡಿದ’ ಎಂಬ ಪದ ಮುಖ್ಯ. ಮಾಡಿದ ವೆಚ್ಚ ಎಂದರೆ ಬಿಲ್ಲು ಮತ್ತು ಪಾವತಿಯ ದಾಖಲೆ ಇರುವ ವೆಚ್ಚ. ಕೆಲವು ಕರಾರುಗಳಲ್ಲಿ ಇದಕ್ಕೆ ಬದಲಾಗಿ ಬಾಕಿಯ ಇಂತಿಷ್ಟು ಶೇಕಡಾವನ್ನು ಕಾನೂನು ವೆಚ್ಚವೆಂದು ವಸೂಲು ಮಾಡಬಹುದು ಎಂಬ ಷರತ್ತು ಇರುತ್ತದೆ. ಅಂಥ ಮೊತ್ತ ಕರಾರನ್ನು ಮುರಿದದ್ದಕ್ಕೆ ಮೊದಲೇ ಗೊತ್ತುಮಾಡಿದ ಪರಿಹಾರದ ಸ್ವರೂಪದ್ದು ಎಂದಾದರೆ, 1872ರ ಕರಾರು ಕಾಯ್ದೆಯ 74ನೇ ಕಲಂ ಅನ್ವಯಿಸಿ, ನಮೂದಿಸಿದ ಮೊತ್ತವನ್ನು ಮೀರದ ಯುಕ್ತ ಪರಿಹಾರ ಮಾತ್ರ ಸಲ್ಲುತ್ತದೆ. ಇನ್ನೂ ಕೆಲವು ಕರಾರುಗಳಲ್ಲಿ ‘ಸಂಸ್ಥೆಯ ಅಧಿಕಾರಿ ಕೊಟ್ಟ ಪ್ರಮಾಣಪತ್ರವೇ ಬಾಕಿಯ ಬಗ್ಗೆ ಅಂತಿಮ ಸಾಕ್ಷ್ಯ’ ಎಂದಿರುತ್ತದೆ, ಮತ್ತು ಅನೇಕರು ಈ ವಾಕ್ಯ ಓದಿಯೇ ಕೈಚೆಲ್ಲುತ್ತಾರೆ. ಅದು ನಿಮ್ಮ ಕೆಲಸವನ್ನು ಸ್ವಲ್ಪ ಕಷ್ಟಗೊಳಿಸಬಹುದು, ಆದರೆ ವಿವರ ಕೇಳುವ ನಿಮ್ಮ ಹಕ್ಕನ್ನು ಕಸಿಯುವುದಿಲ್ಲ. ಆಗದ ಖರ್ಚನ್ನು ಆದ ಖರ್ಚನ್ನಾಗಿ ಮಾಡುವ ಶಕ್ತಿಯೂ ಅದಕ್ಕಿಲ್ಲ. ಕರಾರಿನ ಜೊತೆಗೆ ಸಾಲ ಮಂಜೂರಾದಾಗ ಕೊಟ್ಟ ಮುಖ್ಯ ನಿಬಂಧನೆಗಳ ಪತ್ರ ಮತ್ತು ಶುಲ್ಕಗಳ ಪಟ್ಟಿಯನ್ನೂ ಹುಡುಕಿ ತೆಗೆಯಿರಿ. ಕಾನೂನು ವೆಚ್ಚದ ಎದುರಿಗೆ ‘ವಾಸ್ತವಿಕ ವೆಚ್ಚ’ ಎಂದು ನಮೂದಾಗಿದ್ದರೆ ಆ ಒಂದು ಸಾಲು ನಿಮಗೆ ಬಹಳ ನೆರವಾಗುತ್ತದೆ.

ಎರಡನೆಯದು ಕಾಯ್ದೆಯ ಅವಕಾಶ. 2002ರ ಸರ್ಫೇಸಿ ಕಾಯ್ದೆಯ 13(7)ನೇ ಕಲಂ ವೆಚ್ಚದ ವಸೂಲಿಗೆ ಅನುಮತಿ ಕೊಡುತ್ತದೆ, ಮತ್ತು ಸಂಸ್ಥೆಗಳು ಸಾಮಾನ್ಯವಾಗಿ ಉಲ್ಲೇಖಿಸುವುದೂ ಇದನ್ನೇ. ಆದರೆ ಆ ಕಲಂ ಆರಂಭವಾಗುವುದೇ 13(4)ರ ಅಡಿಯಲ್ಲಿ ಕ್ರಮ ಜರುಗಿದ್ದರೆ ಎಂಬ ಷರತ್ತಿನಿಂದ. 13(4) ಎಂದರೆ ಆಸ್ತಿಯ ಸ್ವಾಧೀನ, ಆಡಳಿತವನ್ನು ವಹಿಸಿಕೊಳ್ಳುವುದು ಮುಂತಾದ ಕ್ರಮಗಳು. ಅವು ಶುರುವಾಗುವುದು 13(2)ರ ನೋಟಿಸ್ ಕೊಟ್ಟ 60 ದಿನಗಳೊಳಗೆ ಸಾಲಗಾರ ಹಣ ಕಟ್ಟದೆ ಹೋದಾಗ. ನಿಮ್ಮ ಪ್ರಕರಣದಲ್ಲಿ ಜುಲೈ 10ರಂದು ನೋಟಿಸ್ ಕೈಸೇರಿತು, ಆಗಸ್ಟ್ 28ರಂದು ಬಾಕಿ ಸಂದಾಯವಾಗಿ ಖಾತೆ ಕ್ರಮಬದ್ಧವಾಯಿತು, ನಡುವಿನ ಅವಧಿ 49 ದಿನ. ಮನೆಯ ಸ್ವಾಧೀನದ ಮಾತು ಎಲ್ಲಿಯೂ ಬಂದಿಲ್ಲ. ಆದ್ದರಿಂದ 13(7)ರ ಆಧಾರ ಇಲ್ಲಿ ನಿಲ್ಲುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸಂಸ್ಥೆ ಕರಾರಿನ ಷರತ್ತನ್ನೇ ನೆಚ್ಚಬೇಕಾಗುತ್ತದೆ. ಸ್ವಾಧೀನದವರೆಗೆ ಹೋದ ಪ್ರಕರಣಗಳಲ್ಲಿ ಸಹ ಆ ಕಲಂ ಹೇಳುವುದು ಸಂಸ್ಥೆಯ ಅಭಿಪ್ರಾಯದಲ್ಲಿ ಯುಕ್ತವಾಗಿ ಮಾಡಲಾದ ವೆಚ್ಚದ ಬಗ್ಗೆ ಎಂಬುದನ್ನು ಇತರ ಓದುಗರು ಗಮನಿಸಬೇಕು. ಅಭಿಪ್ರಾಯ ಸಂಸ್ಥೆಯದೇ ಆದರೂ ಅದಕ್ಕೆ ಆಧಾರ ಇರಲೇಬೇಕು.

ನ್ಯಾಯಾಲಯದ ಆದೇಶದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಏಕೆಂದರೆ ನಿಮ್ಮ ಮೇಲೆ ದಾವೆಯೇ ಹೂಡಿಲ್ಲ. ದಾವೆ ನಡೆದಿದ್ದರೆ ಖರ್ಚನ್ನು ಯಾರು ಭರಿಸಬೇಕೆಂಬುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮಿನ ಪ್ರಕಾರ ನ್ಯಾಯಾಲಯದ ವಿವೇಚನೆಗೆ ಸೇರುತ್ತದೆ. ಅಡಮಾನದ ದಾವೆಗಳ ಬಗ್ಗೆಯೇ ಇರುವ ಅದೇ ಸಂಹಿತೆಯ 34ನೇ ಆದೇಶದ 10ನೇ ನಿಯಮವಂತೂ, ಅಡಮಾನ ಪಡೆದವರ ನಡತೆ ಸರಿಯಿಲ್ಲದಿದ್ದರೆ ದಾವೆಯ ಖರ್ಚನ್ನು ಅಡಮಾನದ ಹಣಕ್ಕೆ ಸೇರಿಸದೆ ಇರಬಹುದು ಎನ್ನುತ್ತದೆ.

ಇನ್ನು ಆ ಮೊತ್ತವನ್ನೇ ಹತ್ತಿರದಿಂದ ನೋಡೋಣ. 74,340 ಎಂಬುದನ್ನು 1.18ರಿಂದ ಭಾಗಿಸಿದರೆ ಸರಿಯಾಗಿ 63,000 ಬರುತ್ತದೆ, ಒಂದು ಪೈಸೆಯೂ ಹೆಚ್ಚುಕಡಿಮೆ ಇಲ್ಲ. ಅಂದರೆ ಯಾರೋ 63,000 ರೂಪಾಯಿ ಎಂದು ಗೊತ್ತುಮಾಡಿ ಅದರ ಮೇಲೆ ಶೇ 18ರ ಜಿಎಸ್‌ಟಿ ಹಾಕಿದಂತೆ ಕಾಣುತ್ತದೆ. ವಕೀಲರ ಬಿಲ್ಲು, ಅಂಚೆ ವೆಚ್ಚ, ಟೈಪಿಂಗ್, ಪತ್ರಿಕೆಯ ಜಾಹೀರಾತು, ಇವುಗಳನ್ನೆಲ್ಲ ಕೂಡಿಸಿ ಬಂದ ಲೆಕ್ಕ ಇಷ್ಟು ದುಂಡಾಗಿ ಬರುವುದು ಅಪರೂಪ. ಇದೊಂದರಿಂದಲೇ ಬೇಡಿಕೆ ಸುಳ್ಳೆಂದು ಹೇಳಲಾಗದು, ಒಪ್ಪಂದದ ಮೇಲೆ ದುಂಡು ಮೊತ್ತದ ಫೀ ಪಡೆಯುವ ವಕೀಲರೂ ಇದ್ದಾರೆ. ಆದರೆ ಇದು ವಾಸ್ತವಿಕ ಖರ್ಚೋ ಸಂಸ್ಥೆಯೇ ನಿಗದಿ ಮಾಡಿದ ಶುಲ್ಕವೋ ಎಂದು ಕೇಳಲು ಇಷ್ಟು ಸಾಕು. ಜಿಎಸ್‌ಟಿಯ ವಿಷಯದಲ್ಲಿ ಇನ್ನೊಂದು ಅಂಶವಿದೆ. ವಕೀಲರು ವ್ಯಾಪಾರಿ ಸಂಸ್ಥೆಗೆ ಕೊಡುವ ಕಾನೂನು ಸೇವೆಯ ಮೇಲಿನ ತೆರಿಗೆಯನ್ನು ವಕೀಲರು ಕಟ್ಟುವುದಿಲ್ಲ, ಸೇವೆ ಪಡೆದ ಸಂಸ್ಥೆಯೇ ಕಟ್ಟಬೇಕು. ಹಾಗಾಗಿ ವಕೀಲರ ಬಿಲ್ಲಿನಲ್ಲಿ ಈ ತೆರಿಗೆ ಕಾಣುವುದಿಲ್ಲ. ಸಂಸ್ಥೆ ಅದನ್ನು ಕಟ್ಟಿದೆಯೇ, ಕಟ್ಟಿದ್ದರಲ್ಲಿ ಯಾವ ಭಾಗಕ್ಕಾದರೂ ಹೂಡುವಳಿ ತೆರಿಗೆಯ ಜಮೆ (ತಾನು ಕಟ್ಟಬೇಕಾದ ಬೇರೆ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಮೊತ್ತ) ಪಡೆದುಕೊಂಡಿದೆಯೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಜಮೆಯಾಗಿ ವಾಪಸು ಬಂದ ಹಣ ಖರ್ಚಲ್ಲ.

ಅದರ ನಂತರ ದಿನಾಂಕಗಳು. ಆಗಸ್ಟ್ 28ಕ್ಕೆ ಖಾತೆ ಸರಿಹೋಗಿದೆ, ಆದರೆ ಖರ್ಚು ಬಿದ್ದಿರುವುದು ಸುಮಾರು ಆರು ತಿಂಗಳ ನಂತರ ಫೆಬ್ರವರಿಯಲ್ಲಿ. ಬಿಲ್ಲು ತಡವಾಗಿ ಬಂದು ತಡವಾಗಿ ಖರ್ಚು ಬಿದ್ದಿರುವ ಸಾಧ್ಯತೆಯೂ ಇದೆ. ಆದ್ದರಿಂದ ನೋಡಬೇಕಾದದ್ದು ವಕೀಲರು ಕೆಲಸ ಮಾಡಿದ ದಿನಾಂಕವನ್ನು. ಅದು ಆಗಸ್ಟ್ 28ರ ನಂತರದ್ದಾಗಿದ್ದರೆ, ವಸೂಲಿಯೇ ಉಳಿದಿಲ್ಲದ ಖಾತೆಗೆ ವಸೂಲಿಯ ಖರ್ಚು ಹೇಗೆ ಬಂತು ಎಂಬುದಕ್ಕೆ ಸಂಸ್ಥೆ ಉತ್ತರಿಸಬೇಕಾಗುತ್ತದೆ. ಸರ್ಫೇಸಿ ಕಾಯ್ದೆಯ 14ನೇ ಕಲಮಿನ ಅಡಿಯಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರ ಮುಂದೆ ಸ್ವಾಧೀನಕ್ಕಾಗಿ ಅರ್ಜಿ ಹಾಕಲು ಸಿದ್ಧತೆ ಮಾಡಿದೆವು ಎಂದು ಹೇಳಬಹುದು. ಹಾಗೆ ಹೇಳಿದರೆ ಅರ್ಜಿಯ ಸಂಖ್ಯೆ ಮತ್ತು ಸಲ್ಲಿಸಿದ ದಿನಾಂಕವನ್ನು ಕೇಳಿ.

ನಿಮ್ಮ ಬಳಿ ಇರುವ ನೋಟಿಸಿನ ಕೊನೆಯ ಪುಟವನ್ನು ತಿರುಗಿಸಿ ನೋಡಿ. ಸಹಿ ಇರುವುದು ಸಂಸ್ಥೆಯ ‘ಅಧಿಕೃತ ಅಧಿಕಾರಿ’ಯದು, ಲೆಟರ್‌ಹೆಡ್ ಸಂಸ್ಥೆಯದು, ವಕೀಲರ ಹೆಸರು ಎಲ್ಲಿಯೂ ಇಲ್ಲ. ವಕೀಲರು ಕರಡು ಮಾಡಿಕೊಟ್ಟಿರಬಹುದು, ಅದಕ್ಕೆ ಫೀ ಪಡೆದಿರಲೂಬಹುದು, ಆದರೆ ನೋಟಿಸನ್ನು ನೋಡಿದ ಮಾತ್ರಕ್ಕೆ ಹಾಗೆ ಊಹಿಸಲು ಆಧಾರವಿಲ್ಲ, ಅವರೇ ತೋರಿಸಬೇಕು. ಪತ್ರಿಕಾ ಪ್ರಕಟಣೆಯ ಖರ್ಚನ್ನು ಸೇರಿಸಿದ್ದರೆ ಅದರ ಬಗ್ಗೆ ಇನ್ನೂ ಗಟ್ಟಿಯಾಗಿ ತಕರಾರು ಹೇಳಬಹುದು. 2002ರ ಭದ್ರತಾ ಹಿತಾಸಕ್ತಿ ಜಾರಿ ನಿಯಮಗಳಲ್ಲಿ ಇಂಥ ಪ್ರಕಟಣೆ ಬರುವುದು ನಿರ್ದಿಷ್ಟ ಸಂದರ್ಭಗಳಲ್ಲಿ: ಸಾಲಗಾರ ನೋಟಿಸನ್ನು ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ನಂಬಲು ಕಾರಣವಿದ್ದಾಗ, ಸ್ವಾಧೀನ ಪಡೆದ ಮೇಲೆ ಮತ್ತು ಹರಾಜಿಗೆ ಮೊದಲು. ನೀವು ನೋಟಿಸಿಗೆ ನಿಮ್ಮ ಕೈಯಾರೆ ಸಹಿ ಹಾಕಿದ ಸ್ವೀಕೃತಿ ಚೀಟಿ ಅವರ ಕಡತದಲ್ಲೇ ಇದೆ, ಸ್ವಾಧೀನವಾಗಲಿ ಹರಾಜಾಗಲಿ ನಡೆದಿಲ್ಲ. ಹಾಗಿರುವಾಗ ಪ್ರಕಟಣೆಗೆ ಸಂದರ್ಭವೇ ಇರಲಿಲ್ಲ.

ಮತ್ತೊಂದನ್ನೂ ಗಮನಿಸಿ. ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಅದಕ್ಕಾಗಿ ಶುಲ್ಕ ವಿಧಿಸುವಂತಿಲ್ಲ. ಮುಕ್ತಾಯದ ಲೆಕ್ಕಪತ್ರದಲ್ಲಿ ಕಾನೂನು ವೆಚ್ಚದ ಜೊತೆಗೆ ಬೇರೆ ಹೆಸರಿನ ಶುಲ್ಕಗಳಿದ್ದರೆ ಅವು ವಾಸ್ತವದಲ್ಲಿ ಇದೇ ಆಗಿರಬಹುದೇ ಎಂದು ಒಮ್ಮೆ ನೋಡಿಕೊಳ್ಳಿ.

ದಾಖಲೆ ಕೇಳುವ ಹಕ್ಕು ಎಲ್ಲಿಂದ ಬರುತ್ತದೆ ಎಂದು ಸಂಸ್ಥೆಯವರು ಪ್ರಶ್ನಿಸಬಹುದು. ಭಾರತೀಯ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 15ರಂದು ಸಾಲದ ಮುಖ್ಯಾಂಶಗಳ ಪತ್ರದ ಬಗ್ಗೆ ಹೊರಡಿಸಿದ ಸುತ್ತೋಲೆಯಲ್ಲಿ, ಮೂರನೆಯವರ ಪರವಾಗಿ ವಾಸ್ತವಿಕ ವೆಚ್ಚದ ಆಧಾರದಲ್ಲಿ ವಸೂಲು ಮಾಡುವ ಶುಲ್ಕಗಳಿಗೆ, ಅವುಗಳಲ್ಲಿ ಕಾನೂನು ಶುಲ್ಕವನ್ನೂ ಹೆಸರಿಸಿ, ರಸೀದಿ ಮತ್ತು ಸಂಬಂಧಪಟ್ಟ ದಾಖಲೆಗಳನ್ನು ಸಾಲಗಾರನಿಗೆ ಯುಕ್ತ ಕಾಲಾವಧಿಯಲ್ಲಿ ಒದಗಿಸಬೇಕೆಂದು ಹೇಳಿದೆ. ಆ ಪತ್ರದಲ್ಲಿ ನಮೂದಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ಸಾಲದ ಅವಧಿಯ ಯಾವ ಹಂತದಲ್ಲೂ ವಿಧಿಸುವಂತಿಲ್ಲ ಎಂದೂ ಹೇಳಿದೆ. ಈ ನಿಯಮ 2024ರ ಅಕ್ಟೋಬರ್ 1ರಿಂದ ಮಂಜೂರಾದ ಹೊಸ ಸಾಲಗಳಿಗೆ ಅನ್ವಯಿಸುವಂಥದ್ದು. ನಿಮ್ಮದು 2018ರ ಸಾಲವಾದ್ದರಿಂದ ‘ನೀವು ನಿಯಮ ಉಲ್ಲಂಘಿಸಿದ್ದೀರಿ’ ಎಂದು ಬರೆಯಬೇಡಿ. ವಾಸ್ತವಿಕ ವೆಚ್ಚ ಎಂದು ಕೇಳುವಾಗ ರಸೀದಿ ತೋರಿಸುವುದು ರಿಸರ್ವ್ ಬ್ಯಾಂಕೇ ಸರಿಯೆಂದು ಒಪ್ಪಿರುವ ಪದ್ಧತಿ ಎಂದು ಬರೆಯಿರಿ. ಸಾಲ ಕೊಟ್ಟದ್ದು ಸರ್ಕಾರಿ ಸ್ವಾಮ್ಯದ ಬ್ಯಾಂಕಾಗಿದ್ದರೆ ನಿಮಗೆ ಇನ್ನೊಂದು ದಾರಿಯೂ ಇದೆ: 2005ರ ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ, 10 ರೂಪಾಯಿ ಶುಲ್ಕದೊಂದಿಗೆ, ನಿಮ್ಮದೇ ಖಾತೆಗೆ ಸಂಬಂಧಿಸಿದ ಬಿಲ್ಲು ಮತ್ತು ಪಾವತಿ ವೋಚರುಗಳ ಪ್ರತಿ ಕೇಳಬಹುದು, ಉತ್ತರಕ್ಕೆ 30 ದಿನಗಳ ಗಡುವಿದೆ.

ಪತ್ರವನ್ನು ಶಾಖೆಗೆ ಮತ್ತು ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ, ಇಮೇಲ್ ಮತ್ತು ಅಂಚೆ ಎರಡರಲ್ಲೂ ಕಳುಹಿಸಿ. ಉದ್ದವಾಗಿ ಬರೆಯಬೇಕಾಗಿಲ್ಲ. ನಾನಾದರೆ ಹೀಗೆ ಬರೆಯುತ್ತೇನೆ: “ನನ್ನ ಗೃಹಸಾಲದ ಮುಕ್ತಾಯ ಲೆಕ್ಕಪತ್ರದಲ್ಲಿ ಕಾನೂನು ವೆಚ್ಚವೆಂದು ತೋರಿಸಿರುವ ರೂ. 74,340ಕ್ಕೆ ನನ್ನ ತಕರಾರು ಇದೆ. ಕರಾರಿನ ಪ್ರಕಾರ ಸಂಸ್ಥೆ ವಾಸ್ತವವಾಗಿ ಮಾಡಿದ, ಅಗತ್ಯವಾದ ವೆಚ್ಚವನ್ನು ಕೊಡಲು ನಾನು ಸಿದ್ಧನಿದ್ದೇನೆ. ದಯವಿಟ್ಟು ಈ ಮೊತ್ತವನ್ನು ಯಾವ ಷರತ್ತಿನ ಅಡಿಯಲ್ಲಿ ಕೇಳಲಾಗಿದೆ ಎಂಬುದನ್ನು ತಿಳಿಸಿ, ಪ್ರತಿಯೊಂದು ಬಾಬಿನ ಬಿಲ್ಲು, ಆ ಕೆಲಸ ನಡೆದ ದಿನಾಂಕ, ಹಣ ಸಂದಾಯವಾದ ದಿನಾಂಕ ಮತ್ತು ಪಾವತಿಯ ದಾಖಲೆಯ ಪ್ರತಿಗಳನ್ನು ಒದಗಿಸಬೇಕು. ದಿನಾಂಕ 28-8-2023ರಂದು ಖಾತೆ ಕ್ರಮಬದ್ಧವಾಗಿರುವುದಾಗಿ ತಾವು ಕೊಟ್ಟ ಪತ್ರವನ್ನು ಲಗತ್ತಿಸಿದ್ದೇನೆ. ವಿವರ ಬರುವವರೆಗೆ ಈ ಮೊತ್ತವನ್ನು ವಿವಾದಿತ ಎಂದು ಗುರುತಿಸಿ, ಅದರ ಮೇಲೆ ಬಡ್ಡಿ ಹಾಕದೆ, ವಿವಾದವಿಲ್ಲದ ಅಸಲು ಮತ್ತು ಬಡ್ಡಿಯ ಪ್ರತ್ಯೇಕ ಲೆಕ್ಕವನ್ನು ಕೊಡಬೇಕೆಂದು ಕೋರುತ್ತೇನೆ.” ಇದರಲ್ಲಿ ಕೋಪದ ಒಂದು ಮಾತೂ ಬೇಡ, ಆರೋಪವೂ ಬೇಡ. ಮುಂದೆ ಈ ಪತ್ರವನ್ನು ಓದುವವರು ನಿಮ್ಮನ್ನೂ ಸಂಸ್ಥೆಯನ್ನೂ ಅರಿಯದ ಮೂರನೆಯವರು.

ಅರ್ಧ ಕೊಟ್ಟರೆ ಮುಗಿಸುತ್ತೇವೆ ಎಂಬ ಫೋನಿನ ಮಾತನ್ನು ಹಾಗೆಯೇ ಬಿಡಬೇಡಿ. ಯಾವ ದಿನ, ಯಾವ ಸಂಖ್ಯೆಯಿಂದ ಕರೆ ಬಂತೆಂದು ಬರೆದಿಟ್ಟುಕೊಂಡು, ‘ಇಂದಿನ ಕರೆಯಲ್ಲಿ ಮೊತ್ತವನ್ನು ಅರ್ಧಕ್ಕೆ ಇಳಿಸಬಹುದೆಂದು ತಿಳಿಸಿದ್ದೀರಿ, ಇದನ್ನು ಬರವಣಿಗೆಯಲ್ಲಿ ದೃಢೀಕರಿಸಿ’ ಎಂದು ಇಮೇಲ್ ಕಳುಹಿಸಿ. ರಾಜಿಗಾಗಿ ಮೊತ್ತ ಇಳಿಸುವುದು ತಪ್ಪಲ್ಲ, ಅದರಿಂದಲೇ ಬೇಡಿಕೆ ಸುಳ್ಳೆಂದು ಸಾಬೀತಾಗುವುದೂ ಇಲ್ಲ. ಆದರೆ ವಾಸ್ತವವಾಗಿ ಕೈಯಿಂದ ಹೋದ ಹಣ ಎನ್ನುವವರು ವಿವರ ಕೇಳಿದ ಕೂಡಲೇ ಅರ್ಧ ಬಿಡುವುದೇಕೆ ಎಂದು ಓಂಬುಡ್ಸ್‌ಮನ್ ಕೇಳಿದರೆ ಆ ಇಮೇಲ್ ಆಗ ನಿಮ್ಮ ಕೈಯಲ್ಲಿರುತ್ತದೆ.

ಇಲ್ಲಿ ಬಹಳ ಜನ ಗಮನಿಸದೆ ನಷ್ಟ ಮಾಡಿಕೊಳ್ಳುವ ಒಂದು ಸಂಗತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 2024ರ ಫೆಬ್ರವರಿಯಿಂದ ಇಂದಿನವರೆಗಿನ ಖಾತೆಯ ಪೂರ್ಣ ಸ್ಟೇಟ್‌ಮೆಂಟ್ ತರಿಸಿ, ಒಂದೊಂದು ಸಾಲನ್ನೂ ಓದಿ. ಬಂದ ಹಣವನ್ನು ಮೊದಲು ವೆಚ್ಚಕ್ಕೆ, ಆಮೇಲೆ ಬಡ್ಡಿಗೆ, ಕೊನೆಗೆ ಅಸಲಿಗೆ ಹೊಂದಿಸಿಕೊಳ್ಳುವ ಷರತ್ತು ಹೆಚ್ಚಿನ ಕರಾರುಗಳಲ್ಲಿ ಇರುತ್ತದೆ. ಆ ಪ್ರಕಾರ ನೀವು ಕಟ್ಟಿದ ಕಂತನ್ನು ಈ ವಿವಾದಿತ ಮೊತ್ತಕ್ಕೆ ತಿರುಗಿಸಿದ್ದರೆ, ನಿಮಗೆ ಗೊತ್ತಿಲ್ಲದೆಯೇ ಕಂತು ಬಾಕಿ ಎಂದು ದಾಖಲಾಗಿ, ಸಾಲದ ಇತಿಹಾಸದ ವರದಿಯಲ್ಲಿ ‘ತಡವಾದ ದಿನಗಳು’ ಸೇರಿಕೊಂಡಿರುತ್ತವೆ. ಹಾಗಾಗಿದ್ದರೆ ಸಂಸ್ಥೆಗೂ ಸಾಲ ಮಾಹಿತಿ ಕಂಪನಿಗೂ ತಿದ್ದುಪಡಿಗಾಗಿ ಮನವಿ ಕೊಡಿ. 30 ದಿನಗಳಲ್ಲಿ ದೂರು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಇನ್ನು ಮುಂದೆ ಹಣ ಕಟ್ಟುವಾಗಲೆಲ್ಲ ‘ಈ ಮೊತ್ತವನ್ನು ಕಂತಿಗೆ ಮಾತ್ರ ಜಮೆ ಮಾಡಬೇಕು’ ಎಂದು ಬರವಣಿಗೆಯಲ್ಲಿ ತಿಳಿಸಿ. ಬೇರೆ ಬೇರೆ ಬಾಕಿಗಳಿದ್ದಾಗ ಯಾವುದಕ್ಕೆ ಹಣ ಸಲ್ಲಬೇಕೆಂದು ಹೇಳುವ ಅವಕಾಶ ಕರಾರು ಕಾಯ್ದೆಯ 59ನೇ ಕಲಮಿನಲ್ಲಿ ಸಾಲಗಾರನಿಗಿದೆ; ಕರಾರಿನ ಷರತ್ತು ಅದಕ್ಕೆ ಅಡ್ಡಬರುತ್ತದೆ ಎಂದು ಸಂಸ್ಥೆ ವಾದಿಸಬಹುದಾದರೂ, ನೀವು ಮೌನವಾಗಿ ಒಪ್ಪಿದ್ದೀರಿ ಎಂದಂತೂ ಆಗ ಹೇಳಲಾಗದು.

ದಂಡ ಶುಲ್ಕದ ಮೇಲೆ ಬಡ್ಡಿ ಹಾಕಬಾರದೆಂಬ 2023ರ ಆಗಸ್ಟ್ 18ರ ಸುತ್ತೋಲೆಯನ್ನು ಇಂಥ ಪ್ರಕರಣಗಳಲ್ಲಿ ಉಲ್ಲೇಖಿಸುವ ಪರಿಪಾಠವಿದೆ. ಅದು ಕರಾರಿನ ಷರತ್ತು ಮುರಿದದ್ದಕ್ಕೆ ಹಾಕುವ ದಂಡಕ್ಕೆ ಸಂಬಂಧಿಸಿದ್ದು, ಕಾನೂನು ವೆಚ್ಚದ ಬಗ್ಗೆ ಅಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ಸೇರಿಸಿದ್ದಾರೆ ಎಂದು ಸ್ಟೇಟ್‌ಮೆಂಟಿನಿಂದ ತಿಳಿದರೆ ಮಾತ್ರ ಅದನ್ನು ಎತ್ತಿ.

ಕ್ರಯಪತ್ರ ತಡೆಹಿಡಿಯುವ ಮಾತಿಗೆ ಬರುತ್ತೇನೆ. ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ 13ರ ಸುತ್ತೋಲೆಯ ಪ್ರಕಾರ, ಸಾಲ ಪೂರ್ತಿ ತೀರಿದ ಅಥವಾ ಇತ್ಯರ್ಥವಾದ 30 ದಿನಗಳೊಳಗೆ ಮೂಲ ದಾಖಲೆಗಳನ್ನೆಲ್ಲ ಹಿಂದಿರುಗಿಸಿ ನೋಂದಾಯಿತ ಋಣಭಾರಗಳನ್ನು ತೆಗೆಸಬೇಕು. ಸಂಸ್ಥೆಯ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಆದರೆ ವಿವಾದಿತ ಮೊತ್ತ ಉಳಿದಿರುವಾಗ ಸಾಲ ಪೂರ್ತಿ ತೀರಿಲ್ಲ ಎಂದು ಸಂಸ್ಥೆ ಹೇಳುತ್ತದೆ, ಮತ್ತು ಆ ವಾದ ತೀರ್ಮಾನವಾಗುವವರೆಗೆ 5,000 ರೂಪಾಯಿಯ ಲೆಕ್ಕ ಕೈಗೆಟಕುವುದಿಲ್ಲ. ಹೀಗಾಗಿ ನಿಮ್ಮ ಆತುರ ಎಷ್ಟು ಎಂಬುದರ ಮೇಲೆ ನಿರ್ಧಾರ ನಿಲ್ಲುತ್ತದೆ. ಮನೆ ಮಾರಾಟಕ್ಕೆ ಮುಂಗಡ ಪಡೆದು ನೋಂದಣಿಯ ದಿನ ಗೊತ್ತಾಗಿದ್ದರೆ, ಅಥವಾ ಕಡಿಮೆ ಬಡ್ಡಿಯ ಬೇರೆ ಸಾಲಕ್ಕೆ ವರ್ಗಾಯಿಸುತ್ತಿದ್ದರೆ, 74,340 ರೂಪಾಯಿಗಾಗಿ ಅದನ್ನೆಲ್ಲ ಅಪಾಯಕ್ಕೊಡ್ಡುವುದು ಸರಿಯಲ್ಲ. ಪ್ರತಿಭಟನೆಯ ಅಡಿಯಲ್ಲಿ ಹಣ ಕಟ್ಟಿ, ದಾಖಲೆ ಪಡೆದುಕೊಂಡು, ಆಮೇಲೆ ವಾಪಸು ಕೇಳಿ. ಅಂಥ ಆತುರವಿಲ್ಲದಿದ್ದರೆ ಮೊದಲು ದೂರಿನ ದಾರಿ ಹಿಡಿಯಿರಿ, ಆದರೆ ಆ ಅವಧಿಯಲ್ಲಿ ಕಂತು ತಪ್ಪಿಸಬೇಡಿ.

ಪ್ರತಿಭಟನೆಯ ಅಡಿಯಲ್ಲಿ ಕಟ್ಟುವುದೆಂದರೆ ಮನಸ್ಸಿನಲ್ಲಿ ಪ್ರತಿಭಟಿಸಿ ಕಟ್ಟುವುದಲ್ಲ. ಹಣ ಕಟ್ಟುವ ಮೊದಲೇ, ಅಥವಾ ಕಟ್ಟುವ ದಿನವೇ, ಈ ಮೊತ್ತವನ್ನು ದಾಖಲೆಗಳನ್ನು ಬಿಡಿಸಿಕೊಳ್ಳುವ ಅನಿವಾರ್ಯದಿಂದ, ಹಕ್ಕು ಕಾಯ್ದಿರಿಸಿಕೊಂಡು ಕಟ್ಟುತ್ತಿದ್ದೇನೆ ಎಂಬ ಪತ್ರ ತಲುಪಿರಬೇಕು. ತಪ್ಪು ತಿಳಿವಳಿಕೆಯಿಂದ ಅಥವಾ ಬಲವಂತದಿಂದ ಸಂದಾಯವಾದ ಹಣವನ್ನು ಪಡೆದವನು ಹಿಂದಿರುಗಿಸಬೇಕೆಂದು ಕರಾರು ಕಾಯ್ದೆಯ 72ನೇ ಕಲಂ ಹೇಳುತ್ತದೆ. ಮುಂದೆ ನೀವು ಆಧಾರವಾಗಿ ಹಿಡಿಯಬೇಕಾದದ್ದು ಇದನ್ನೇ. ದಾಖಲೆ ಕೊಡುವಾಗ ‘ನನ್ನ ಎಲ್ಲ ಬೇಡಿಕೆಗಳೂ ತೀರಿವೆ, ಯಾವ ತಕರಾರೂ ಇಲ್ಲ’ ಎಂಬ ಅಚ್ಚಾದ ನಮೂನೆಗೆ ಸಹಿ ಕೇಳುತ್ತಾರೆ. ಅಲ್ಲಿ ‘ಕಾನೂನು ವೆಚ್ಚದ ತಕರಾರನ್ನು ಹೊರತುಪಡಿಸಿ’ ಎಂದು ಕೈಬರಹದಲ್ಲಿ ಸೇರಿಸಿ ಸಹಿ ಹಾಕಿ, ಆ ಪುಟದ ಫೋಟೊ ತೆಗೆದುಕೊಳ್ಳಿ. ಸೇರಿಸಲು ಬಿಡದಿದ್ದರೆ ಸಹಿ ಹಾಕಿದ ದಿನವೇ ಇಮೇಲಿನಲ್ಲಿ ಅದನ್ನು ದಾಖಲಿಸಿ. ನ್ಯಾಯಾಲಯದಲ್ಲಿ ಅಡಮಾನದ ಹಣವನ್ನು ಠೇವಣಿ ಇಡುವ ಅವಕಾಶ ಸ್ವತ್ತು ವರ್ಗಾವಣೆ ಕಾಯ್ದೆಯ 83ನೇ ಕಲಮಿನಲ್ಲಿ ಇದೆಯಾದರೂ, ಇಷ್ಟು ಮೊತ್ತದ ವಿವಾದಕ್ಕೆ ಆ ದಾರಿಯ ಖರ್ಚು ಮತ್ತು ಸಮಯ ಹೊಂದುವುದಿಲ್ಲ.

ಸಂಸ್ಥೆ 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ, ಸಾಲ ಕೊಟ್ಟದ್ದು ಬ್ಯಾಂಕಾಗಿದ್ದ ಪಕ್ಷದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸ್ವೀಕರಿಸುವ ಅದರ ಸಿಎಂಎಸ್ ಪೋರ್ಟಲಿನ ಮೂಲಕ ದೂರು ಕೊಡಿ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ವಕೀಲರ ಮೂಲಕ ಸಲ್ಲಿಸಿದ ದೂರನ್ನು ಓಂಬುಡ್ಸ್‌ಮನ್ ಯೋಜನೆ ಸ್ವೀಕರಿಸುವುದೂ ಇಲ್ಲ, ವಕೀಲರೇ ನೊಂದ ಗ್ರಾಹಕರಾಗಿದ್ದರೆ ಹೊರತು. ಸಾಲ ಕೊಟ್ಟದ್ದು ಗೃಹಸಾಲ ಹಣಕಾಸು ಕಂಪನಿಯಾಗಿದ್ದರೆ ಆ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ, ರಾಷ್ಟ್ರೀಯ ಗೃಹನಿರ್ಮಾಣ ಬ್ಯಾಂಕಿನ ಕುಂದುಕೊರತೆ ಪೋರ್ಟಲಿಗೆ ಹೋಗಬೇಕು. ಈ ಭೇದ ತಿಳಿಯದೆ ತಿಂಗಳುಗಟ್ಟಲೆ ಕಳೆದುಕೊಂಡವರಿದ್ದಾರೆ, ಆದ್ದರಿಂದ ಮಂಜೂರಾತಿ ಪತ್ರದ ತಲೆಬರಹದಲ್ಲಿರುವ ಹೆಸರನ್ನು ಮೊದಲು ನೋಡಿ. ಗ್ರಾಹಕರ ಆಯೋಗದ ದಾರಿಯೂ ತೆರೆದಿದೆ, ಅದಕ್ಕೆ ಎರಡು ವರ್ಷಗಳ ಕಾಲಮಿತಿ ಇದೆ. ಆದರೆ ಅಲ್ಲಿ ಅದೇ ವಿಷಯ ವಿಚಾರಣೆಯಲ್ಲಿದ್ದರೆ ಓಂಬುಡ್ಸ್‌ಮನ್ ಅದನ್ನು ತೆಗೆದುಕೊಳ್ಳುವುದಿಲ್ಲವಾದ್ದರಿಂದ ಆಯೋಗವನ್ನು ಎರಡನೆಯ ಹೆಜ್ಜೆಯಾಗಿ ಇಟ್ಟುಕೊಳ್ಳಿ. ಸ್ವಾಧೀನದ ಕ್ರಮ ಆರಂಭವಾದವರು ಮಾತ್ರ 45 ದಿನಗಳೊಳಗೆ ಸರ್ಫೇಸಿ ಕಾಯ್ದೆಯ 17ನೇ ಕಲಮಿನ ಅಡಿಯಲ್ಲಿ ಋಣ ವಸೂಲಿ ನ್ಯಾಯಮಂಡಳಿಗೆ ಹೋಗಬೇಕು. 13(2)ರ ನೋಟಿಸ್ ಹಂತದಲ್ಲೇ ನಿಂತ ನಿಮಗೆ ಆ ಬಾಗಿಲು ಸಂಬಂಧಿಸಿದ್ದಲ್ಲ.

ಬಿಲ್ಲುಗಳು ಬಂದವು, ನೋಟಿಸಿನ ಕರಡಿಗೆ ವಕೀಲರಿಗೆ ಹಣ ಸಂದಿದೆ, ದಿನಾಂಕವೂ ಆಗಸ್ಟ್ 28ಕ್ಕೆ ಮೊದಲಿನದು ಎಂದಾದರೆ ಅಷ್ಟನ್ನು ಕಟ್ಟಿಬಿಡಿ, ಉಳಿದದ್ದನ್ನು ತೆಗೆದು ಹೊಸ ಲೆಕ್ಕಪತ್ರ ಕೇಳಿ. ಸಾಲ ಮುಗಿದ ದಿನ ಬಾಕಿ ಇಲ್ಲವೆಂಬ ಪತ್ರದ ಜೊತೆಗೆ, ಸಾಲ ಕೊಟ್ಟಾಗ ಅವರ ಬಳಿ ಇಟ್ಟ ದಾಖಲೆಗಳ ಪಟ್ಟಿಯನ್ನು ಹಿಡಿದು ಒಂದೊಂದನ್ನೂ ಪುಟ ಎಣಿಸಿ ಪಡೆದುಕೊಳ್ಳಿ. ಹಕ್ಕುಪತ್ರಗಳ ಠೇವಣಿಯ ಒಪ್ಪಂದ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ಅದರ ರದ್ದತಿಯನ್ನೂ, ಅಡಮಾನಗಳ ಕೇಂದ್ರೀಯ ದಾಖಲೆಯಾದ ಸೆರ್ಸಾಯ್ ನೋಂದಣಿಯಲ್ಲಿರುವ ಋಣಭಾರದ ತೆರವನ್ನೂ ಮಾಡಿಸಿದ ಪುರಾವೆ ಕೇಳಿ, ತಿಂಗಳ ನಂತರ ಋಣಭಾರ ಪತ್ರ ತೆಗೆಸಿ ಸಂಸ್ಥೆಯ ಹೆಸರು ಅಲ್ಲಿಂದ ಹೋಗಿದೆಯೇ ಎಂದು ನೋಡಿ.